ನಾಲ್ಕು ಲಕ್ಷ ಸಾಲು, ಅದೇ ಹಳೇ ಹೋಸ್ಟಿಂಗ್: ನನ್ನ ಅನುಭವ

ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ನಾನು ಪಿಎಚ್‌ಪಿಯಲ್ಲಿ (ವೆಬ್ ಪ್ರೋಗ್ರಾಂ ಬರೆಯುವ ಭಾಷೆ) ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಅದರ ರೈತವಾರು ಖಾತೆ ಈಗ ಮುಕ್ಕಾಲು ನಿಮಿಷದಲ್ಲಿ ಬರುತ್ತದೆ. ಕೆಲವು ಸೀಸನ್ನಿನ ಲಾಟು, ಚೀಲವಾರು ತೂಕ ಎಲ್ಲ ಸೇರಿ ಸುಮಾರು 4 ಲಕ್ಷ ಸಾಲು ಡೇಟಾ. ಮೆಮರಿ ಐದಾರು ಎಂಬಿ ದಾಟುವುದಿಲ್ಲ. ಹೋಸ್ಟಿಂಗ್ ಅದೇ ಹಳೆಯದು, ತಿಂಗಳಿಗೆ 400 ರೂಪಾಯಿ ಚಿಲ್ಲರೆ.

ಮೊದಲು ಈ ಖಾತೆ ತೆಗೆಯುವಾಗ ಮೆಮರಿ ಸಾಲದೆ ಎರರ್ ಬರುತ್ತಿತ್ತು. ಇದು ಸರಿಹೋಗುತ್ತದೆ ಅಂತ ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡುವ ಗೆಳೆಯರು ಯಾರೂ ನಂಬಿರಲಿಲ್ಲ. "ಪಿಎಚ್‌ಪಿಯೊಳಗ ಇದು ಆಗಂಗಿಲ್ಲಪಾ, ಸುಮ್ನ ವಿಪಿಎಸ್ ತಗೋ" ಅಂದರು. ಅವರ ಮಾತು ಕೇಳಿ ಒಂದು ಸೀಸನ್ ವಿಪಿಎಸ್ (ನಮ್ಮ ಪಾಲಿಗೇ ಮೀಸಲಾದ ಸರ್ವರ್) ಬಾಡಿಗೆ ಕೂಡ ಕಟ್ಟಿದೆವು, ತಿಂಗಳಿಗೆ ಎರಡು ಸಾವಿರದ ಮೇಲೆ. ಮೆಮರಿ ಮಿತಿಯನ್ನು 128 ಎಂಬಿಯಿಂದ 512ಕ್ಕೆ ಏರಿಸಿದೆ. ನಾಲ್ಕು ತಿಂಗಳು ನಡೆಯಿತು. ಮಾರ್ಚ್‌ನಲ್ಲಿ ಆವಕ ಜಾಸ್ತಿಯಾದಾಗ ಮತ್ತೆ ಅದೇ ಮೆಮರಿ ಎರರ್. ಸಾಹುಕಾರರು, "ರೊಕ್ಕಾ ಹೋತು, ಲೆಕ್ಕಾ ಬರಲಿಲ್ಲ" ಅಂದರು. ಆ ಮಾತು ನನಗೆ ಚುಚ್ಚಿತು.

ಎಲ್ಲರೂ ಮೊದಲು ಹೇಳುವುದು 'ಫೆಚ್‌ಆಲ್' (ಎಲ್ಲ ಸಾಲು ಒಟ್ಟಿಗೇ ತರುವುದು) ಬಿಡು, ಲೂಪ್‌ನಲ್ಲಿ ಒಂದೊಂದೇ ಸಾಲು 'ಫೆಚ್' ಮಾಡು ಅಂತ. ಮಾಡಿದೆ. ಸ್ವಲ್ಪ ಇಳಿಯಿತು, ಆದರೆ ಸಾಲಲಿಲ್ಲ. ಯಾಕೆಂದರೆ ಪಿಡಿಒ (ಪಿಎಚ್‌ಪಿಯನ್ನು ಡೇಟಾಬೇಸಿಗೆ ಜೋಡಿಸುವ ಭಾಗ) ಮೈಎಸ್‌ಕ್ಯೂಎಲ್ ಡೇಟಾಬೇಸ್ ಜೊತೆ ಕೆಲಸ ಮಾಡುವಾಗ, ನೀವು ಏನೂ ಹೇಳದಿದ್ದರೆ, ಕ್ವೆರಿಯ (ಡೇಟಾಬೇಸಿಗೆ ಕೇಳುವ ಪ್ರಶ್ನೆಯ) ಉತ್ತರ ಪೂರ್ತಿ ಪಿಎಚ್‌ಪಿ ಕಡೆಗೆ ಬಂದು ಕೂರುತ್ತದೆ. ಲೂಪ್ ಶುರುವಾಗುವುದು ಆಮೇಲೆ. ಮಾರುಕಟ್ಟೆಯ ಚೀಲವನ್ನೆಲ್ಲ ಅಂಗಡಿಯೊಳಗೆ ಒಟ್ಟಿ, ನಂತರ ಒಂದೊಂದಾಗಿ ಕಾಟಾಕ್ಕೆ ಹಾಕಿದ ಹಾಗೆ.

ನಂತರ ಲಿಮಿಟ್ (ಎಷ್ಟು ಸಾಲು ಬೇಕು), ಆಫ್‌ಸೆಟ್ (ಎಷ್ಟು ಸಾಲು ಬಿಟ್ಟು) ಹಾಕಿ ಐದೈದು ಸಾವಿರ ಸಾಲು ತಂದೆ. ಮೊದಲು ಚುರುಕು, ಮುಂದೆ ಹೋದಂತೆ ನಿಧಾನ. ಆಫ್‌ಸೆಟ್ ಅಂದರೆ ಹಿಂದಿನ ಸಾಲುಗಳನ್ನು ಓದಿ ಎಸೆಯುವುದೇ ಅಲ್ವಾ! ಜೊತೆಗೆ ಸೋಮವಾರ, ಗುರುವಾರ ಮಾರುಕಟ್ಟೆ ದಿನ ನಡುವೆ ಹೊಸ ಲಾಟು ಸೇರಿ ಕೆಲವು ಸಾಲು ಎರಡು ಸಲ ಬಂದವು. ಕೊನೆಗೆ ಬಂದ ಸಾಲಿನ ಐಡಿ ಹಿಡಿದು ಅದರ ಮುಂದಿನದನ್ನು ಕೇಳುವ ಕ್ರಮ ಚೆನ್ನಾಗಿದೆ. ಆದರೆ ನನಗೆ ಬೇಕಿದ್ದದ್ದು ರೈತವಾರು, ಐಡಿವಾರು ಅಲ್ಲ.

ಕೊನೆಗೆ ಗೆದ್ದದ್ದು ಅನ್‌ಬಫರ್ಡ್ ಕ್ವೆರಿ. ಡೇಟಾಬೇಸ್ ಕನೆಕ್ಷನ್ನಿನಲ್ಲಿ MYSQL_ATTR_USE_BUFFERED_QUERY ಅನ್ನುವ ಒಂದು ಸೆಟ್ಟಿಂಗ್ ಫಾಲ್ಸ್ ಮಾಡಿದರೆ ಸಾಲುಗಳು ಬೇಕಾದಾಗ ಬೇಕಾದಷ್ಟೇ ಬರುತ್ತವೆ. ರೈತನ ಐಡಿಯಿಂದ ಆರ್ಡರ್ ಬೈ ಹಾಕಿ (ಸಾಲುಗಳನ್ನು ಆ ಕ್ರಮಕ್ಕೆ ಜೋಡಿಸಿ), ಐಡಿ ಬದಲಾದ ಕೂಡಲೇ ಹಿಂದಿನವರ ಮೊತ್ತ ಮುಗಿಸುತ್ತೇನೆ. ದೊಡ್ಡ ಅರೇ (ಮೆಮರಿಯಲ್ಲಿಡುವ ಪಟ್ಟಿ) ಬೇಕೇ ಇಲ್ಲ.

ಇದಕ್ಕೂ ಕಾಟ ಇದೆ. ಸಾಲು ಓದಿ ಮುಗಿಯುವ ಮುಂಚೆ ಅದೇ ಕನೆಕ್ಷನ್ನಿನಲ್ಲಿ ಇನ್ನೊಂದು ಕ್ವೆರಿ ಬಿಟ್ಟರೆ 2014 ನಂಬರಿನ ಎರರ್. ಹಾಗಾಗಿ ಬರೆಯುವುದಕ್ಕೆ ಬೇರೆ ಕನೆಕ್ಷನ್ ಇಟ್ಟೆ. ತೂಕದ ಟೇಬಲ್ ಹಳೇ ಮೈಐಸ್ಯಾಮ್ ಬಗೆಯದು. ನಾನು ಓದುತ್ತಿರುವಷ್ಟು ಹೊತ್ತು ಅದು ಲಾಕ್. ಗುಮಾಸ್ತರ ಎಂಟ್ರಿ ನಿಂತೇ ಬಿಟ್ಟಿತು. ಟೇಬಲ್ಲನ್ನು ಇನ್ನೋಡಿಬಿ ಬಗೆಗೆ ಬದಲಾಯಿಸಿದ ಮೇಲೆ ಅವರು ಅವರ ಪಾಡಿಗೆ, ನಾನು ನನ್ನ ಪಾಡಿಗೆ. ಲೂಪಿನೊಳಗೇ ಪ್ರತಿ ರೈತರ ಪಿಡಿಎಫ್ ಮಾಡಿದಾಗ ಪಟ್ಟಿ ಅರ್ಧಕ್ಕೇ ನಿಂತಿತು. ನಾವು ನಿಧಾನವಾಗಿ ಓದಿದರೆ ಸರ್ವರ್ ಕಾಯುವುದು ಮಾಮೂಲಿಯಾಗಿ 60 ಸೆಕೆಂಡ್ ಮಾತ್ರ. ಈಗ ಲೂಪಿನಲ್ಲಿ ಫೈಲಿಗೆ ಬರೆಯುವುದಷ್ಟೇ, ಪಿಡಿಎಫ್ ಆಮೇಲೆ. ಕಡಿದ ಕಡೆಯಿಂದಲೇ ಮತ್ತೆ ಶುರು ಮಾಡುವ ಒಂದು ಉಪಾಯವೂ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಸಂಪಾದನೆ ಅದರ ಮೇಲಿದೆ.

ಜಾಯಿನ್ ಮಾಡುವವರಿಗೆ (ಎರಡು ಟೇಬಲ್ ಸೇರಿಸಿ ಓದುವವರಿಗೆ) ಒಂದು ಮಾತು. ರೈತರ ಟೇಬಲ್ಲಿನಲ್ಲೂ 'ನೇಮ್', ಖರೀದಿದಾರರ ಟೇಬಲ್ಲಿನಲ್ಲೂ 'ನೇಮ್' ಇದ್ದರೆ ಅಸೋಸಿಯೇಟಿವ್ ಫೆಚ್‌ನಲ್ಲಿ (ಕಾಲಂ ಹೆಸರು ಹಿಡಿದು ಓದುವಾಗ) ಕೊನೆಯದು ಮಾತ್ರ ಉಳಿಯುತ್ತದೆ. ಏಲಿಯಾಸ್ (ಬೇರೆ ಬೇರೆ ಹೆಸರು) ಕೊಡಲೇಬೇಕು. ಕನ್ನಡ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಯಾಗಿ ಬಂದರೆ ಕನೆಕ್ಷನ್ನಿನಲ್ಲೇ ಯುಟಿಎಫ್8ಎಂಬಿ4 ಅಕ್ಷರ ಸಂಕೇತ ಹಾಕಿ. ಟೇಬಲ್ಲಿಗೆ ಮಾತ್ರ ಹಾಕಿದರೆ ಸಾಲದು.

ನಡುವೆ ಪೈಥಾನ್‌ನಲ್ಲೂ ಮಾಡಿ ನೋಡಿದೆ. ಅದರ ಪೈಮೈಎಸ್‌ಕ್ಯೂಎಲ್ ಲೈಬ್ರರಿಯ ಎಸ್‌ಎಸ್‌ಕರ್ಸರ್ ಇದೇ ಕೆಲಸ ಮಾಡುತ್ತದೆ, ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಆದರೆ ಆ ಹೋಸ್ಟಿಂಗಿನಲ್ಲಿ ಪೈಥಾನ್ ಇರಲಿಲ್ಲ, ಬಿಟ್ಟೆ.

ಡೆಸಿಮಲ್ ಕಾಲಂ ಪಿಎಚ್‌ಪಿಗೆ ಸ್ಟ್ರಿಂಗ್ (ಪಠ್ಯ) ಆಗಿ ಬರುತ್ತದೆ. ಹಾಗೇ ಕೂಡಿಸಿದರೆ ಫ್ಲೋಟ್ (ಅಂದಾಜಿನ ದಶಮಾಂಶ) ಆಗಿ ಕೊನೆಗೆ ಪೈಸೆ ತಪ್ಪುತ್ತದೆ. ಅದಕ್ಕೆ ಎಲ್ಲವನ್ನೂ ಪೈಸೆಯ ಪೂರ್ಣಾಂಕ ಮಾಡಿಕೊಂಡೇ ಕೂಡಿಸುತ್ತೇನೆ. ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಮೊದಲು ಡೇಟಾಬೇಸಿಗೇ 'ಸಮ್' (ಒಟ್ಟು ಮೊತ್ತ) ಕೇಳಿಟ್ಟುಕೊಂಡು, ನಂತರ ಸಾಲು ಓದಿ, ಎರಡೂ ಮೊತ್ತ ಹೋಲಿಸುತ್ತೇನೆ. ನಡುವೆ ಹೊಸ ಎಂಟ್ರಿ ಬಿದ್ದರೂ ಎರಡಕ್ಕೂ ಕಾಣುವ ಡೇಟಾ ಒಂದೇ. ತಾಳೆ ಆಗದಿದ್ದರೆ ಪ್ರಿಂಟ್ ಹೋಗುವುದೇ ಇಲ್ಲ. ಇದನ್ನು ನೋಡಿಯೇ ಸಾಹುಕಾರರು ವಿಪಿಎಸ್ ಬಿಡಿಸಿದರು. ಪಕ್ಕದ ಎರಡು ಅಂಗಡಿಯವರೂ ಈಗ ಇದನ್ನೇ ಹಾಕಿಸಿಕೊಂಡಿದ್ದಾರೆ, ಅಂಗಡಿಗೆ ಹದಿನೈದು ಸಾವಿರದಂತೆ.