ಪಾಠದ ರೂಮಿಗೆ ಡಿಫ್ಯೂಸರ್ ಮಾಡಿಸಿದ್ದು: ನನ್ನ ಅನುಭವ

ಡಿಫ್ಯೂಸರ್ ಅಂದ್ರೆ ಗೋಡೆಗೆ ಬಂದ ಸೌಂಡನ್ನ ಒಂದೇ ಕಡೆಗೆ ವಾಪಸ್ ಕಳಿಸದೆ ಹಲವು ದಿಕ್ಕಿಗೆ ಚದುರಿಸೋ, ಗೂಡುಗೂಡಾಗಿರೋ ಪ್ಯಾನಲ್. ಬೆಂಗಳೂರಲ್ಲಿ ನಮ್ಮನೆ ಮಹಡಿ ಮೇಲಿನ ರೂಮು 10 ಅಡಿ ಅಗಲ, 14 ಅಡಿ ಉದ್ದ, ಎತ್ತರಾನೂ 10 ಅಡಿ. ಸಿಮೆಂಟ್ ಗೋಡೆ, ವಿಟ್ರಿಫೈಡ್ ಟೈಲ್ಸು, ಮೇಲೆ ಆರ್‌ಸಿಸಿ, ಮೆತ್ತಗಿರೋದು ಅಂದ್ರೆ ಒಂದು ಜಮಖಾನ ಅಷ್ಟೇ. ಸಂಗೀತ ಪಾಠ ಅಲ್ಲೇ, ರೆಕಾರ್ಡಿಂಗೂ ಅಲ್ಲೇ, ಮಿಕ್ಸಿಂಗ್ ಸ್ಪೀಕರ್‌ಗಳೂ ಅಲ್ಲೇ. ಚಪ್ಪಾಳೆ ತಟ್ಟಿದ್ರೆ ಎದುರುಬದುರು ಗೋಡೆ ಮಧ್ಯೆ ಟರ್ರ್ ಅಂತ ಓಡಾಡ್ತಿತ್ತು, ಮೃದಂಗದ ತೊಪ್ಪಿ (ಎಡಗಡೆ ಮುಖ) ನುಡಿಸಿದ್ರೆ ಗುಂಯ್ ಅಂತ ನಿಂತ್ಕೊಳ್ತಿತ್ತು, ರೆಕಾರ್ಡ್ ಮಾಡಿದ್ದನ್ನ ಹೆಡ್‌ಫೋನಲ್ಲಿ ಕೇಳಿದ್ರೆ ಹಾಡೋರು ಬಚ್ಚಲಮನೇಲಿ ಕೂತಂಗೆ ಇರ್ತಿತ್ತು.

ಯಾರನ್ನ ಕೇಳಿದ್ರೂ ಫೋಮ್ ಅಂಟಿಸಿ ಅಂತಾರೆ. ನಾಲ್ಕು ಗೋಡೆಗೂ ಒಂದಿಂಚು ಫೋಮ್ ಅಂಟಿಸಿದ ರೂಮುಗಳಲ್ಲಿ ನಾನು ಹಾಡಿದ್ದೀನಿ, ತಂಬೂರಿ ಶ್ರುತಿಯ ಜೀವವೇ ಹೋಗ್ಬಿಟ್ಟಿರುತ್ತೆ. ಕಾರಣ ಸಿಂಪಲ್. ಗೋಡೆಗೆ ಅಂಟಿಸಿದ ಫೋಮು ತನ್ನ ದಪ್ಪ ತರಂಗಾಂತರದ ನಾಲ್ಕನೇ ಒಂದು ಭಾಗದಷ್ಟಾದರೂ ಇದ್ದಾಗಲೇ ಚೆನ್ನಾಗಿ ಹೀರೋದು, ಒಂದಿಂಚಿಗೆ ಅದು ಸುಮಾರು 3400 ಹರ್ಟ್ಜ್‌ನಿಂದ ಮೇಲೆ. ಅಂದ್ರೆ ತಂಬೂರಿಯ ಝೇಂಕಾರ, ಹಾಡೋರ ಅಕ್ಷರಗಳ ಅಂಚು ಎಲ್ಲ ತಿಂದುಹಾಕುತ್ತೆ, ಗುಂಯ್ ಅನ್ನೋದು ಮಾತ್ರ ಹಾಗೇ ಉಳಿಯುತ್ತೆ. 100 ಹರ್ಟ್ಜ್‌ಗೆ ಇದೇ ಲೆಕ್ಕ ಹಾಕಿದ್ರೆ 86 ಸೆಂಟಿಮೀಟರ್ ದಪ್ಪ ಬೇಕು! ನಮ್ಮ ಸಂಗೀತಕ್ಕೆ ರೂಮಲ್ಲಿ ಸ್ವಲ್ಪ ಉಸಿರು ಇರ್ಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೇ ಹೀರೋದು ಎಷ್ಟು ಬೇಕೋ ಅಷ್ಟೇ ಸಾಕು, ಉಳಿದಿದ್ದನ್ನ ಚದುರಿಸೋಣ ಅಂತ ತೀರ್ಮಾನ ಮಾಡ್ದೆ.

ಆದ್ರೆ ಡಿಫ್ಯೂಸರ್ ಮೊದಲ ಕೆಲಸ ಅಲ್ಲ, ಇದನ್ನ ಒತ್ತಿ ಹೇಳ್ತೀನಿ. ನಮ್ಮ ರೂಮಿನ ಅಗಲ ಎತ್ತರ ಎರಡೂ 10 ಅಡಿ ಆಗಿರೋದ್ರಿಂದ ಆ ದೂರದ ಮಧ್ಯೆ ನಿಂತುಬಿಡೋ 56 ಹರ್ಟ್ಜ್ ಆಸುಪಾಸಿನ ಸೌಂಡು ಎರಡು ಕಡೆಯಿಂದ ಸೇರಿ ಗುಡ್ಡೆ ಬೀಳುತ್ತೆ, ಅದರ ಎರಡರಷ್ಟು 112ರಲ್ಲೂ ಹಂಗೇ. ಇದಕ್ಕೆ ಯಾವ ಡಿಫ್ಯೂಸರೂ ಏನೂ ಮಾಡಲ್ಲ. ಹಾಗಾಗಿ ಮೊದಲು ಮೂಲೆಗಳಿಗೆ ಅಡ್ಡವಾಗಿ ನಾಲ್ಕಿಂಚು ದಪ್ಪದ ರಾಕ್‌ವುಲ್ (ಕಲ್ಲು ಕರಗಿಸಿ ಮಾಡಿದ ನಾರಿನ ಹಾಸು, ಘನ ಮೀಟರ್‌ಗೆ 48 ಕೆಜಿ ಡೆನ್ಸಿಟಿದು) ಫ್ರೇಮಲ್ಲಿ ಕೂರಿಸಿ ಕಾಟನ್ ಬಟ್ಟೆ ಹೊದಿಸಿದೆ, ಹಿಂದೆ ಮೂಲೇಲಿ ಗಾಳಿಗೆ ಜಾಗ ಬಿಟ್ಟೆ. ಗ್ಲೌಸು ಮಾಸ್ಕು ಇಲ್ಲದೆ ರಾಕ್‌ವುಲ್ ಮುಟ್ಬೇಡಿ, ನವೆ ತಡೆಯೋಕಾಗಲ್ಲ. 112 ಚೆನ್ನಾಗಿ ಇಳೀತು, 56 ಸ್ವಲ್ಪ ಮಾತ್ರ. ಆಮೇಲೆ ಸ್ಪೀಕರ್ ಮುಂದೆ ನನ್ನ ಜಾಗದಲ್ಲಿ ಕೂತು, ಮಗಳ ಕೈಲಿ ಕನ್ನಡಿ ಕೊಟ್ಟು ಪಕ್ಕದ ಗೋಡೆ ಉದ್ದಕ್ಕೂ ಸರಿಸೋಕೆ ಹೇಳ್ದೆ, ಸ್ಪೀಕರ್ ಎಲ್ಲಿ ಕಂಡ್ತೋ ಸೌಂಡು ಗೋಡೆಗೆ ಬಡಿದು ಕಿವಿಗೆ ಬರೋದೂ ಅಲ್ಲಿಂದಲೇ, ಅಲ್ಲೊಂದು ರಾಕ್‌ವುಲ್ ಪ್ಯಾನಲ್, ಎದುರು ಗೋಡೇಲೂ ಹಾಗೇ. ಇಷ್ಟಾದ್ಮೇಲೆ ಉಳಿದಿದ್ದು ನನ್ನ ಬೆನ್ನಹಿಂದಿನ ಗೋಡೆ. ಅದು ಕಿವಿಯಿಂದ ನಾಲ್ಕೂವರೆ ಅಡಿ, ಸೌಂಡ್ ಹೋಗಿ ವಾಪಸ್ ಬರೋಕೆ 8 ಮಿಲಿಸೆಕೆಂಡ್ ತಗೊಳ್ಳುತ್ತೆ, ನೇರವಾಗಿ ಬಂದ ಸೌಂಡ್ ಜೊತೆ ಬೆರೆತು ಕೆಲವು ಫ್ರೀಕ್ವೆನ್ಸಿ ಕಡಿದುಹಾಕುತ್ತೆ ಕೆಲವನ್ನ ಎತ್ತುತ್ತೆ. ಡಿಫ್ಯೂಸರ್ ಬೇಕಾಗಿದ್ದು ಈ ಗೋಡೆಗೆ.

ಇದರ ಹಿಂದಿನ ಲೆಕ್ಕ ನಂಗೆ ಬಹಳ ಇಷ್ಟ ಆಯ್ತು. ಜರ್ಮನಿಯ ಭೌತವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ 1970ರ ದಶಕದಲ್ಲಿ ಸಂಖ್ಯಾಸಿದ್ಧಾಂತ (ನಂಬರ್ ಥಿಯರಿ) ತಗೊಂಡು ಗೋಡೆಗೆ ಹಾಕಿದ ಮನುಷ್ಯ. ಒಂದು ಅವಿಭಾಜ್ಯ ಸಂಖ್ಯೆ ತಗೊಳ್ಳಿ, ನಾನು 7 ತಗೊಂಡೆ. 0ಯಿಂದ 6ರವರೆಗಿನ ಸಂಖ್ಯೆಗಳ ವರ್ಗ ಮಾಡಿ 7ರಿಂದ ಭಾಗಿಸಿ, ಉಳಿಯೋ ಶೇಷ 0, 1, 4, 2, 2, 4, 1. ಇದೇ ಏಳು ಗೂಡುಗಳ ಆಳದ ಅನುಪಾತ. ಒಂದೊಂದು ಗೂಡಿನ ತಳ ಮುಟ್ಟಿ ವಾಪಸ್ ಬರೋ ಸೌಂಡ್ ಬೇರೆ ಬೇರೆ ತಡ ಆಗಿ ಬರುತ್ತೆ, ಎಲ್ಲ ಸೇರಿದಾಗ ಒಂದೇ ದಿಕ್ಕಿಗೆ ಹೋಗೋ ಬದಲು ಬೀಸಣಿಗೆ ಥರ ಹರಡುತ್ತೆ. ವಿಜಯಪುರದ ಗೋಲಗುಮ್ಮಟದಲ್ಲಿ ಆಗೋದು ಇದಕ್ಕೆ ಪೂರ್ತಿ ಉಲ್ಟಾ, ಅಲ್ಲಿನ ಒಳಬಾಗಿದ ಗೋಡೆ ಚದುರೋ ಸೌಂಡನ್ನ ಹಿಡಿದು ಆಚೆ ಬದಿಗೆ ಒಯ್ಯುತ್ತೆ, ಪಿಸುಮಾತೂ ಕೇಳುತ್ತೆ.

ನಾನು ಡಿಸೈನ್ ಫ್ರೀಕ್ವೆನ್ಸಿ, ಅಂದ್ರೆ ಚದುರಿಸೋದು ಶುರುವಾಗೋ ಕೆಳಗಿನ ಮಿತಿ, 1000 ಹರ್ಟ್ಜ್ ಇಟ್ಕೊಂಡೆ. ತರಂಗಾಂತರ 34.4 ಸೆಂಟಿಮೀಟರ್, ಅದನ್ನ 7ರ ಎರಡರಷ್ಟು ಅಂದ್ರೆ 14ರಿಂದ ಭಾಗಿಸಿದ್ರೆ 2.46. ಇದನ್ನ ಶೇಷಗಳಿಂದ ಗುಣಿಸಿದ್ರೆ ಆಳ ಮಿಲಿಮೀಟರ್‌ನಲ್ಲಿ 0, 25, 98, 49, 49, 98, 25. ಗೂಡಿನ ಅಗಲ 50 ಮಿಲಿಮೀಟರ್, ಅದು ಮೇಲಿನ ಮಿತಿ ನಿರ್ಧರಿಸುತ್ತೆ, ಸುಮಾರು 3400 ಹರ್ಟ್ಜ್. ಕೆಳಗಡೆ ಇನ್ನೂ ಇಳಿಸ್ಬೇಕು ಅಂತ 500 ಇಟ್ರೆ ಆಳ ಡಬಲ್ ಆಗುತ್ತೆ, ಸಣ್ಣ ರೂಮಲ್ಲಿ ಜಾಗಾನೂ ಹೋಗುತ್ತೆ, ಕೂರೋ ದೂರಾನೂ ಸಾಲಲ್ಲ. ಡಿಸೈನ್ ಫ್ರೀಕ್ವೆನ್ಸಿಯ ಮೂರು ತರಂಗಾಂತರದಷ್ಟಾದ್ರೂ ದೂರ ಕೂರ್ಬೇಕು ಅನ್ನೋದು ರೂಢಿ, 1000ಕ್ಕೆ ಅದು ಒಂದು ಮೀಟರ್, ನಂಗೆ ಅದಕ್ಕಿಂತ ಜಾಸ್ತಿನೇ ಸಿಕ್ತು.

ಮೈಸೂರು ರಸ್ತೆ ಟಿಂಬರ್ ಯಾರ್ಡ್ ಕಡೆಯಿಂದ ಪ್ಲೈವುಡ್ ತಂದು ನಮ್ಮ ಏರಿಯಾದ ಆಚಾರ್ರ ಹತ್ರ ಮಾಡಿಸಿದೆ. ಗೂಡುಗಳ ಮಧ್ಯದ ಪಟ್ಟಿಗೆ 6 ಎಂಎಂ, ತಳಕ್ಕೆ 12 ಎಂಎಂ. "ಸಾರ್, ಒಂದು ನೂಲು ಆಚೀಚೆ ಆದ್ರೆ ಏನಾಗುತ್ತೆ?" ಅಂದ್ರು. ನ್ಯಾಯವಾದ ಪ್ರಶ್ನೆ. ಒಂದು ನೂಲು ಅಂದ್ರೆ 3 ಎಂಎಂ, 25 ಎಂಎಂ ಗೂಡಿಗೆ ಅದು ದೊಡ್ಡದೇ. ಅದಕ್ಕೆ ಪ್ರತಿ ಸಲ ಟೇಪ್ ಹಿಡಿಯೋ ಬದಲು 98, 49, 25ಕ್ಕೆ ಮರದ ತುಂಡು ಕುಯ್ದು ಗೇಜ್ ಮಾಡ್ಕೊಂಡ್ವಿ, ಗೂಡಿಗೆ ಇಳಿಸಿ ಮೇಲ್ಗಡೆ ಬೆರಳಾಡಿಸಿದ್ರೆ ಸಮ ಇದೆಯಾ ಇಲ್ವಾ ತಕ್ಷಣ ಗೊತ್ತಾಗುತ್ತೆ. ತಳದ ಪಟ್ಟಿ ಬೆರಳಲ್ಲಿ ಬಡಿದಾಗ ಡಬ್ ಅಂತ ಟೊಳ್ಳು ಸದ್ದು ಬಂದ ಕಡೆಯೆಲ್ಲ ಹಿಂದೆ ಇನ್ನೊಂದು ಸಪೋರ್ಟ್ ಹೊಡೆಸಿದೆ, ಅಲ್ಲಾಡೋ ತಳ ಸೌಂಡ್ ನುಂಗುತ್ತೆ. ಸಂದುಗಳಿಗೆ ಫೆವಿಕಾಲ್ ಜೊತೆ ಮರದ ಪುಡಿ ಕಲಸಿ ತುಂಬಿಸಿದ್ವಿ. ಒಂದು ಪ್ಯಾನಲ್ ಅಗಲ ಸುಮಾರು 39 ಸೆಂಟಿಮೀಟರ್, ಎತ್ತರ 4 ಅಡಿ, ಅಂಥವು ಪಕ್ಕಪಕ್ಕ ಮೂರು. ಒಂದೇ ಪ್ಯಾಟರ್ನ್ ಸಾಲಾಗಿ ತುಂಬಾ ಸಲ ಬಂದ್ರೆ ಸೌಂಡ್ ಕೆಲವೇ ದಿಕ್ಕಿಗೆ ಗುಂಪು ಗುಂಪಾಗಿ ಹೋಗುತ್ತೆ, ಹಂಗಾಗಿ ಗೋಡೆ ತುಂಬಾ ಹಾಕೋಕೆ ಹೋಗ್ಲಿಲ್ಲ. ಗೂಡುಗಳು ನಿಂತಿದ್ರೆ ಸೌಂಡ್ ಎಡಬಲಕ್ಕೆ ಹರಡುತ್ತೆ, ಮಲಗಿದ್ರೆ ಮೇಲೆ ಕೆಳಗೆ. ನಂಗೆ ಎಡಬಲ ಬೇಕಿತ್ತು, ನಿಲ್ಲಿಸಿದೆ. ನಡುಭಾಗ ಕೂತಾಗ ಕಿವಿ ಬರೋ ಎತ್ತರಕ್ಕೆ.

ಚೆನ್ನಾಗಿ ಕಾಣ್ಲಿ ಅಂತ ಮೇಲೆ ಬಟ್ಟೆ ಹೊದಿಸೋಣ ಅಂದ್ರು ಮನೆಯವರು, ಬೇಡ ಅಂದೆ. ಗೂಡಿನ ಬಾಯಲ್ಲಿ ಗಾಳಿ ಜೋರಾಗಿ ಅಲ್ಲಾಡುತ್ತೆ, ಅಲ್ಲಿ ಬಟ್ಟೆ ಬಂದ್ರೆ ಡಿಫ್ಯೂಸರ್ ಹೋಗಿ ಹೀರೋ ಪ್ಯಾನಲ್ ಆಗ್ಬಿಡುತ್ತೆ. ಬಿಸಿ ಬಿಸಿ ಚರ್ಚೆ ಆಗಿ ಕೊನೆಗೆ ಪಾಲಿಶ್‌ಗೆ ಒಪ್ಪಂದ ಆಯ್ತು.

ಲ್ಯಾಪ್‌ಟಾಪಲ್ಲಿ ಆರ್‌ಇಡಬ್ಲ್ಯೂ (ರೂಮ್ ಇಕ್ಯೂ ವಿಝರ್ಡ್) ಅನ್ನೋ, ರೂಮಿನ ಸೌಂಡ್ ಅಳೆಯೋ ಫ್ರೀ ಸಾಫ್ಟ್‌ವೇರು, ಒಂದು ಮೆಷರ್‌ಮೆಂಟ್ ಮೈಕು ಇಟ್ಟು ಮೊದಲೂ ಆಮೇಲೂ ಅಳೆದೆ. ಗ್ರಾಫಲ್ಲಿ 8 ಮಿಲಿಸೆಕೆಂಡ್ ಹತ್ರ ಎದ್ದು ನಿಂತಿದ್ದ ಮೊಳೆಯಂಥ ಗೆರೆ ಕುಗ್ಗಿ, ಅದರ ಬದಲು ಚಿಕ್ಕ ಚಿಕ್ಕ ಗೆರೆಗಳು ಹಿಂದೆ ಹಿಂದೆ ಹರಡ್ಕೊಂಡಿವೆ. ರೂಮಿನ ಒಟ್ಟು ಅನುರಣನೆ (ಸೌಂಡ್ ನಿಂತ ಮೇಲೂ ಉಳಿಯೋ ಗುಂಗು) ಹೆಚ್ಚೇನೂ ಕಡಿಮೆ ಆಗಿಲ್ಲ, ನಂಗೆ ಬೇಕಾಗಿದ್ದೂ ಅದೇ. ಕಿವಿಗೆ ಗೊತ್ತಾಗಿದ್ದು ತಂಬೂರಿ ಹಾಕ್ದಾಗ. ಮೊದಲು ತಲೆ ಒಂದು ಗೇಣು ಸರಿಸಿದ್ರೆ ಶ್ರುತಿಯ ಬಣ್ಣ ಬದಲಾಗ್ತಿತ್ತು, ಈಗ ಹಿಂದೆ ಮುಂದೆ ವಾಲಿದ್ರೂ ಒಂದೇ ಥರ ನಿಲ್ಲುತ್ತೆ, ಪಂಚಮ ಸ್ಪಷ್ಟ. ಪಾಠಕ್ಕೆ ಬರೋ ಮಕ್ಕಳು ಏನೂ ಹೇಳ್ದೆ ಇದ್ರೂ ಅಪಸ್ವರ ತಾವೇ ಬೇಗ ಹಿಡೀತಿದ್ದಾರೆ.

ಗೂಡುಗಳಲ್ಲಿ ಧೂಳು ಸಿಕ್ಕಾಪಟ್ಟೆ ಕೂರುತ್ತೆ, ಪೇಂಟ್ ಬ್ರಷ್ ಒಂದು ಪಕ್ಕದಲ್ಲೇ ಇಟ್ಟಿರಿ. ಮಳೆಗಾಲಕ್ಕೆ ಮುಂಚೆ ಹಿಂಭಾಗಕ್ಕೆ ಗೆದ್ದಲು ಔಷಧಿ ಹೊಡೆಸೋದು ಮರೀಬೇಡಿ, ಗೋಡೆಗೆ ನೇತುಹಾಕಿದ ಮೇಲೆ ಮತ್ತೆ ಇಳಿಸೋಕೆ ಇಬ್ಬರು ಬೇಕು.