ನಗದು ಕೊಟ್ಟು ಕೊಂಡ ಹಾಳೆಯೂ ಖರ್ಚೇ: ನನ್ನ ಅನುಭವ

ತೀರ್ಥಹಳ್ಳಿ ಸಮೀಪದ ನನ್ನ ಹಾಳೆ ತಟ್ಟೆ ಘಟಕಕ್ಕೆ ನಗದಿನಲ್ಲಿ ಕೊಳ್ಳುವ ಅಡಿಕೆ ಹಾಳೆಯ ಹಣವನ್ನು ಖರ್ಚೆಂದು ಆದಾಯದಿಂದ ಕಳೆಯಲು ಬರುವುದಿಲ್ಲವೆಂದು ನಮ್ಮ ಆಡಿಟರೇ ಹೇಳಿದ್ದರು. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆಗಿನ 1961ರ ಆದಾಯ ತೆರಿಗೆ ಕಾಯ್ದೆಯ 40ಎ(3) ಕಲಮು ಅದನ್ನು ಖರ್ಚೆಂದು ಒಪ್ಪುತ್ತಿರಲಿಲ್ಲ. ಆದರೆ ಬೆಳೆಗಾರರಿಂದಲೇ ಕೃಷಿ ಉತ್ಪನ್ನ ಕೊಂಡರೆ ಅದೇ ಕಾಯ್ದೆಯಡಿಯ 6ಡಿಡಿ ನಿಯಮದಲ್ಲಿ ವಿನಾಯಿತಿಯಿತ್ತು; ನಾನು ಹಿಡಿದದ್ದು ಆ ಎಳೆಯನ್ನು.

ಮೊದಲ ವರ್ಷ ಸೋತೆ. ಸುಮಾರು 1.8 ಲಕ್ಷದ ಹಾಳೆಯನ್ನು ಕೊಂಡದ್ದು ದಲ್ಲಾಳಿಯೊಬ್ಬರಿಂದ, ಅವರು ಬೆಳೆಗಾರರಲ್ಲ. ಅಷ್ಟೂ ಮೊತ್ತ ಆದಾಯಕ್ಕೆ ಮರಳಿ ಸೇರಿ, 20%ರ ಹಂತದಲ್ಲಿದ್ದ ನನಗೆ ತೆರಿಗೆ, ಸೆಸ್, ಬಡ್ಡಿ ಎಲ್ಲ ಕೂಡಿ 40 ಸಾವಿರದ ಆಸುಪಾಸು ಕೈಬಿಟ್ಟಿತು. ತೋಟದವರಿಂದ ನೇರವಾಗಿ ಕೊಂಡದ್ದಕ್ಕೆ ಬರೆಸಿದ್ದ ಚೀಟಿಗಳಿಗೆ ಆಷಾಢದ ಥಂಡಿಯಲ್ಲಿ ಬೂಸಲು ಹಿಡಿದು, ಜೆಲ್ ಪೆನ್ನಿನ ಅಕ್ಷರಗಳು ನೀಲಿ ಕಲೆಗಳಾಗಿದ್ದವು.

ಮರುವರ್ಷದಿಂದ ಬಾಲ್ ಪೆನ್ನಿನಲ್ಲಿ ದಿನಾಂಕ, ಹಾಳೆಯ ಎಣಿಕೆ, ದರ, ತೋಟದ ಸರ್ವೆ ನಂಬರು ಬರೆದು, ಮಾರಿದವರ ಸಹಿ ಹಾಕಿಸಿ, ಹಿಂದೆ ಪಹಣಿಯ ಪ್ರತಿ ಲಗತ್ತಿಸತೊಡಗಿದೆ. ಒಂದು ಕಟ್ಟನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ನೋಡಿದೆ. ಬೂಸಲು ಬರಲಿಲ್ಲ, ಆದರೆ ಮಸಿ ಹತ್ತಿ ಸಹಿಗಳೇ ಕಾಣದಾದವು. ಈಗ ಬಿಸ್ಕತ್ತಿನ ತಗಡಿನ ಡಬ್ಬಿಯೇ ಗತಿ. ಪಹಣಿ ಕೇಳಿದರೆ ಮುಖ ಗಂಟಿಕ್ಕುವವರಿಂದ ಅದನ್ನು ಪಡೆಯುವ ಉಪಾಯವೊಂದಿದೆ, ಅದು ನನ್ನಲ್ಲೇ ಇರಲಿ. ಪಕ್ಕದ ಘಟಕದವರೂ ಇದನ್ನು ಓದುತ್ತಾರೆ.

ನಡುವೆ ದೇಣಿಗೆಯಲ್ಲೂ ಕೈ ಸುಟ್ಟುಕೊಂಡೆ. ದೇಣಿಗೆಗೆ ತೆರಿಗೆ ಕಡಿತ ಕೊಡಿಸುತ್ತಿದ್ದ 80ಜಿ ಮಾನ್ಯತೆಯ ಟ್ರಸ್ಟೊಂದಕ್ಕೆ 10,000 ನಗದು ಕೊಟ್ಟಿದ್ದೆ. 2,000 ಮೀರಿದ ನಗದು ದೇಣಿಗೆಗೆ ಕಡಿತವೇ ಇಲ್ಲ. ಮುಂದಿನ ಸಲ ಅಷ್ಟನ್ನೇ ಬ್ಯಾಂಕಿನ ಮೂಲಕ ಕೊಟ್ಟು ಟ್ರಸ್ಟಿನಿಂದ ದೇಣಿಗೆಯ 10ಬಿಇ ಪ್ರಮಾಣಪತ್ರ ಪಡೆದೆ. 50%ರ ಕಡಿತವಾದ್ದರಿಂದ ಆದಾಯದಲ್ಲಿ 5,000 ಇಳಿದು, ತೆರಿಗೆಯಲ್ಲಿ ಉಳಿದದ್ದು ಸೆಸ್ ಸೇರಿ 1,040. ಕೊಟ್ಟ ಹಣವೆಲ್ಲ ತೆರಿಗೆಯಲ್ಲೇ ವಾಪಸಾಗುತ್ತದೆಂದು ನಂಬಿದ್ದ ನಮ್ಮ ಭಾವನವರಿಗೆ ಈ ಲೆಕ್ಕ ಇನ್ನೂ ಜೀರ್ಣವಾಗಿಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದರೆ ಅಷ್ಟೂ ಸಿಗದು. ಘಟಕದ ಖರ್ಚು ಮಾತ್ರ ಎರಡರಲ್ಲೂ ಕಳೆಯುತ್ತದೆ.

ಮೂರನೆಯ ವರ್ಷ ನೋಟಿಸ್ ಬಂದಾಗ, ಸುಮಾರು 6 ಲಕ್ಷದ ನಗದು ಖರೀದಿಗೆ ನಲವತ್ತಕ್ಕೂ ಹೆಚ್ಚು ಚೀಟಿಗಳನ್ನು ಪಹಣಿ ಸಮೇತ ಸ್ಕ್ಯಾನ್ ಮಾಡಿ ಕಳುಹಿಸಿದೆ. ಸರ್ವೆ ನಂಬರು ತಾಳೆಯಾಗದ ಎರಡು ಚೀಟಿಗಳ 27 ಸಾವಿರವನ್ನು ಬಿಟ್ಟು ಉಳಿದದ್ದೆಲ್ಲ ಖರ್ಚೆಂದು ಒಪ್ಪಿತವಾಯಿತು. ಆಡಿಟರ್ ಈಗ ಉಳಿದ ಘಟಕದವರಿಗೂ ನನ್ನ ಚೀಟಿಯ ನಮೂನೆಯನ್ನೇ ಕೊಡುತ್ತಿದ್ದಾರೆ. ನನ್ನ ಶುಲ್ಕವನ್ನು ಮಾತ್ರ ಇಳಿಸಿಲ್ಲ.