ಜರ್ಮನ್ ನಾಗರಿಕ ಪದಕ: ಮೊದಲ ಖರೀದಿಗೆ ಸತುವಿನ ಶಿಲುಬೆ

ಹಳೆಯ ಜರ್ಮನ್ ನಾಗರಿಕ ಪದಕಗಳ ಸಂಗ್ರಹ ಶುರುಮಾಡುವವರು ಅಂದಿನ ಜರ್ಮನಿಯ ದೊಡ್ಡ ರಾಜ್ಯವಾಗಿದ್ದ ಪ್ರಶ್ಯದ ಯುದ್ಧಸಹಾಯ ಶಿಲುಬೆಯಿಂದ ಆರಂಭಿಸಿ. ಮೊದಲ ಮಹಾಯುದ್ಧದ ನಡುವೆ, 1916ರ ಡಿಸೆಂಬರ್‌ನಲ್ಲಿ, ಜರ್ಮನ್ ಚಕ್ರವರ್ತಿಯೂ ಪ್ರಶ್ಯದ ರಾಜನೂ ಆಗಿದ್ದ ಎರಡನೇ ವಿಲ್ಹೆಲ್ಮ್ ಇದನ್ನು ಸ್ಥಾಪಿಸಿದ. ರಣರಂಗಕ್ಕೆ ಹೋಗದೆ ದೇಶದೊಳಗಿದ್ದೇ ಯುದ್ಧಕ್ಕೆ ನೆರವಾದವರಿಗೆ ಸಿಗುತ್ತಿದ್ದ ಪದಕವಿದು. ಬಹಳ ಹಂಚಿಕೆಯಾದದ್ದರಿಂದ ದುಬಾರಿಯಲ್ಲ.

ಮುಂಬದಿಯಲ್ಲಿ 'ಫ್ಯೂರ್ ಕ್ರೀಗ್ಸ್ ಹಿಲ್ಫ್ಸ್‌ಡೀನ್ಸ್ಟ್' (ಯುದ್ಧ ಸಹಾಯ ಸೇವೆಗಾಗಿ) ಬರಹ, ಹಿಂಬದಿಯಲ್ಲಿ ಕಿರೀಟದ ಕೆಳಗೆ ರಾಜನನ್ನು ಸೂಚಿಸುವ ಅಕ್ಷರಗಳು ಇರಬೇಕು. ಲೋಹ ಸತು, ಬಣ್ಣ ಬೂದು. ಅಯಸ್ಕಾಂತ ಹಿಡಿದರೆ ಅಂಟಬಾರದು, ಅಂಟಿದರೆ ಬಿಟ್ಟುಬಿಡಿ. 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ಅಕ್ಷರಗಳ ಬುಡ ನೋಡಿ: ಗುಳ್ಳೆಯ ಗುಳಿಗಳು, ಮೊಂಡು ಅಂಚು, ಪಕ್ಕದಲ್ಲಿ ಅರದಿಂದ ಉಜ್ಜಿದ ಗೆರೆ ಕಂಡರೆ ಅದು ಅಚ್ಚಿನಲ್ಲಿ ಹುಯ್ದ ನಕಲು ಇರಬಹುದು. ಅಸಲಿಯಿಂದ ಅಚ್ಚು ತೆಗೆದು ಹುಯ್ದ ನಕಲು ತಣ್ಣಗಾಗುವಾಗ ಕುಗ್ಗುತ್ತದೆ. ಕ್ಯಾಲಿಪರ್‌ನಲ್ಲಿ ಅಳತೆ ಸ್ವಲ್ಪ ಕಡಿಮೆ ಬರುತ್ತದೆ.

ರಿಬ್ಬನ್‌ಗೆ ನೇರಳಾತೀತ ಟಾರ್ಚ್ ಬಿಡಿ. ನೀಲಿಯಾಗಿ ಹೊಳೆದರೆ ಹೊಸ ನೂಲಿನ ಶಂಕೆ. ಆದರೆ ಹಳೆಯ ರಿಬ್ಬನ್ ಇತ್ತೀಚಿನ ಡಿಟರ್ಜೆಂಟ್‌ನಲ್ಲಿ ತೊಳೆದಿದ್ದರೂ ಹೊಳೆಯುತ್ತದೆ. ಹಾಗಾಗಿ ಇದೊಂದನ್ನೇ ನಂಬಿ ತೀರ್ಪು ಕೊಡಬೇಡಿ. ರಿಬ್ಬನ್ ಬದಲಾಗಿದ್ದರೂ ಪದಕ ಅಸಲಿಯೇ ಇರಬಹುದು, ಬೆಲೆ ಮಾತ್ರ ಇಳಿಸಿ ಕೇಳಿ.

ನಿಜವಾದ ತೊಂದರೆ ಪದಕವನ್ನು ಕಾಪಿಡುವುದರಲ್ಲಿ. ಸತುವಿಗೆ ತೇವ ಮತ್ತು ಆಮ್ಲದ ಹಬೆ ಆಗದು. ಓಕ್ ಪೆಟ್ಟಿಗೆ ಅಸಿಟಿಕ್ ಆಮ್ಲ ಬಿಡುತ್ತದೆ, ಪಿವಿಸಿ ಚೀಲವೂ ಲೋಹವನ್ನು ಕೆಡಿಸುತ್ತದೆ. ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ಪಾಲಿಪ್ರಾಪಿಲೀನ್ ಡಬ್ಬಿ, ಆಮ್ಲರಹಿತ ಕಾಗದ, ಜತೆಗೆ ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಸಾಕು. ಮಂಗಳೂರು, ಕಾರವಾರದಂಥ ಕಡೆ ಮಳೆಗಾಲದಲ್ಲಿ ಜೆಲ್ ಬೇಗ ತೇವ ತುಂಬಿಕೊಳ್ಳುತ್ತದೆ, ಬಣ್ಣ ಬದಲಾದ ತಕ್ಷಣ ಒಣಗಿಸಿ. ಪಾಲಿಶ್, ಹುಣಸೆಹಣ್ಣು, ನಿಂಬೆರಸ ಯಾವುದನ್ನೂ ಹಚ್ಚಬೇಡಿ: ಮೇಲ್ಪದರ ಹೋದರೆ ಮರಳದು. ಹತ್ತಿಯ ಕೈಗವಸು ಹಾಕಿ, ಅಂಚಿನಲ್ಲಿ ಹಿಡಿಯಿರಿ.